ಕೊಟ್ಟಿಗೆ ಬಿಟ್ಟು ಬಂದವರು

ಶನಿವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಅಕ್ಷಿತಾಳ ಬೂಟುಗಳು ಇರಲಿಲ್ಲ. ಅವಳು ಹುಡುಕಲೂ ಹೋಗಲಿಲ್ಲ. ನೇರ ಮುಂಬಾಗಿಲು ತೆರೆದು ಕಾರಿಡಾರಿಗೆ ಇಣುಕಿದಳು. ಪಕ್ಕದ ಫ್ಲಾಟಿನವರ ಕಸದ ಚೀಲಕ್ಕೆ ಒರಗಿಕೊಂಡು, ಒಣಗಿದ ಲದ್ದಿಯ ಸಮೇತ, ಎರಡೂ ಅಲ್ಲೇ ಇದ್ದವು.

“ಅಜ್ಜಾ, ಪ್ಲೀಸ್! ಕಾರಿಡಾರಲ್ಲಿ ಎಂತದೂ ಇಡಬಾರದು ಅಂತ ವಾಚ್‌ಮ್ಯಾನ್ ಮೊನ್ನೆಯೇ ಹೇಳಿದ್ದಾನಲ್ಲ.”

“ಹಾಗಾದ್ರೆ ಬಿಸಾಡು,” ಅಂದರು ಶೀನಪ್ಪ. ಬನಿಯನ್, ಲುಂಗಿಯಲ್ಲಿ ಊಟದ ಮೇಜಿನ ಮುಂದೆ ಕೂತಿದ್ದರು. “ನನ್ನ ಹಾಸಿಗೆಗೆ ವಾಸನೆ ಹೊಡೀತದೆ. ಕೊಟ್ಟಿಗೆ ಸಾಕು ಅಂತ ನಾನು ಇಲ್ಲಿಗೆ ಬಂದದ್ದು. ಇಲ್ಲಿಯೂ ಅದೇನಾ?”

ಅವರ ಹಾಸಿಗೆ ಇದ್ದದ್ದು ಹಾಲಿನಲ್ಲಿ, ಬಾಲ್ಕನಿಯ ಗಾಜಿನ ಬಾಗಿಲ ಪಕ್ಕ. ದುಬೈ ಸಿಲಿಕಾನ್ ಓಯಸಿಸ್‌ನ ಆ ಫ್ಲಾಟಿನಲ್ಲಿದ್ದದ್ದು ಎರಡೇ ರೂಮು. ಒಂದು ಮಗ ಲತೇಶ್, ಸೊಸೆ ಸ್ವರ್ಣಲತಾರದ್ದು. ಇನ್ನೊಂದು ಹನ್ನೆರಡನೇ ಕ್ಲಾಸಿನಲ್ಲಿದ್ದ ಮೊಮ್ಮಗಳು ಅಕ್ಷಿತಾಳದ್ದು. ತನ್ನ ರೂಮು ಬಿಟ್ಟುಕೊಡುತ್ತೇನೆ ಅಂತ ಅವಳು ಹೇಳಿದಾಗ ಶೀನಪ್ಪನೇ ಬೇಡ ಅಂದಿದ್ದರು, ಓದುವ ಮಗುವಿಗೆ ತೊಂದರೆ ಬೇಡ ಅಂತ. ಹೆಂಡತಿ ಸೇಸಮ್ಮ ತೀರಿಹೋದ ಮೇಲೆ, ಉಡುಪಿಯ ಹತ್ತಿರದ ಮನೆಗೆ ಬೀಗ ಹಾಕಿ, ಇದ್ದ ಎರಡು ದನಗಳನ್ನು ನೆರೆಮನೆಯ ಗರ್ಟ್ರೂಡ್ ಬಾಯಿಗೆ ಒಪ್ಪಿಸಿ, ದೀಪಾವಳಿ ಮುಗಿಸಿಕೊಂಡು ಅವರು ವಿಮಾನ ಹತ್ತಿದ್ದರು.

“ಅಕ್ಷೀ, ಅಜ್ಜನಿಗೆ ಒಂಬತ್ತಕ್ಕೆ ಗಂಜಿ ಬಡಿಸು,” ಸ್ವರ್ಣಲತಾ ಕ್ಲಿನಿಕ್ಕಿನ ಗುರುತಿನ ಚೀಟಿ ಕೊರಳಿಗೆ ಹಾಕಿಕೊಳ್ಳುತ್ತ ಹೇಳಿದಳು. “ಪಪ್ಪನಿಗೆ ದೋಸೆ ಹಿಟ್ಟು ಫ್ರಿಜ್ಜಲ್ಲುಂಟು.”

“ಮಮ್ಮಿ, ಎಂಟಕ್ಕೆ ನಾನು ಸ್ಟೇಬಲ್‌ನಲ್ಲಿರಬೇಕು. ಪಪ್ಪ ಮನೆಯಲ್ಲೇ ಇದ್ದಾರಲ್ಲ. ವೈ ಮಿ?”

“ವಾರಕ್ಕೊಂದು ದಿನ ಮಲಗ್ಲಿಕ್ಕೆ ಬಿಡಿ ಮಾರಾಯ್ರೇ,” ರೂಮಿನೊಳಗಿಂದ ಲತೇಶನ ಸ್ವರ ಬಂತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಶೀನಪ್ಪ ತಾವಾಗಿ ಬಡಿಸಿಕೊಂಡು ಉಣ್ಣುವವರಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಬೊಂಬಾಯಿಯ ಹೋಟೆಲಿನಲ್ಲಿ ಕಂಡಕಂಡವರಿಗೆಲ್ಲ ಬಡಿಸಿ ಊರಿಗೆ ಮರಳಿದ ಮೇಲೆ ಸೌಟು ಮುಟ್ಟಿದವರೇ ಅಲ್ಲ. ಕುಕ್ಕರಿನಲ್ಲಿ ಕುಚ್ಚಲಕ್ಕಿ ಗಂಜಿ ಬೆಂದಿದ್ದರೂ, ಪಕ್ಕದಲ್ಲೇ ತಟ್ಟೆ, ಉಪ್ಪಿನಕಾಯಿ, ಹುರುಳಿ ಚಟ್ನಿ ಎಲ್ಲ ಇದ್ದರೂ, ಯಾರಾದರೂ ಬಡಿಸುವ ತನಕ ಬಸ್ಸಿಗೆ ಕಾದವರ ಹಾಗೆ ಕೂತಿರುತ್ತಾರೆ. ಮಗ ಲತೇಶನೂ ಅಪ್ಪನ ಮಗನೇ. ವಾರವಿಡೀ ಸ್ವರ್ಣಲತಾಳ ಡ್ಯೂಟಿ ಮಧ್ಯಾಹ್ನದ ಮೇಲೆ, ಹಾಗಾಗಿ ನಡೆಯುತ್ತಿತ್ತು. ಶನಿವಾರ ಮಾತ್ರ ಅವಳು ಬೆಳಿಗ್ಗೆ ಏಳಕ್ಕೆ ಹೊರಡಬೇಕು. ಅಕ್ಷಿತಾ ಕುದುರೆ ಲಾಯಕ್ಕೆ ಹೋಗುವುದೂ ಶನಿವಾರವೇ. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗಾಗಿತ್ತು ಆ ಮನೆಯ ಶನಿವಾರ.

ಕೊನೆಗೆ ಅಕ್ಷಿತಾ ಏಳೂಕಾಲಕ್ಕೇ ತಟ್ಟೆಗೆ ಗಂಜಿ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಬೂಟು ಕೈಯಲ್ಲಿ ಹಿಡಿದು ಓಡಿದಳು. ಕೆಳಗೆ ಡಾಕ್ಟರ್ ರುಬೀನರ ಕಾರು ಕಾಯುತ್ತಿತ್ತು. ಉಳ್ಳಾಲದ ಬ್ಯಾರಿ ಹೆಂಗಸು, ಪಶುವೈದ್ಯೆ. ಮರಳಿನ ಆಚೆಯ ನಾಲ್ಕೈದು ಲಾಯಗಳ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದರು. ಎರಡು ವರ್ಷಗಳಿಂದ ಅಕ್ಷಿತಾ ಅವರ ಹಿಂದೆಯೇ ಬಕೆಟ್ಟು, ಬ್ಯಾಂಡೇಜು ಹಿಡಿದುಕೊಂಡು ತಿರುಗುತ್ತಿದ್ದಳು.

ಒಂಬತ್ತಕ್ಕೆ ಶೀನಪ್ಪ ಮುಚ್ಚಿದ ತಟ್ಟೆ ತೆಗೆದು ನೋಡಿದರು. ಗಂಜಿ ಆರಿ ಮೇಲೆ ಕೆನೆ ಕಟ್ಟಿತ್ತು. ಅವರು ಅದನ್ನು ಹಾಗೆಯೇ ಬಿಟ್ಟರು.

ನಿಜವಾದ ಜಗಳ ಬೂಟಿನದೂ ಅಲ್ಲ, ಗಂಜಿಯದೂ ಅಲ್ಲ. ಅದು ಹೊರಬಿದ್ದದ್ದು ಮರುದಿನ ರಾತ್ರಿ ಊಟಕ್ಕೆ ಕೂತಾಗ. ಬಂಗುಡೆ ಸಾರು ಮಾಡಿದ್ದರಿಂದ ಎಲ್ಲರ ಮನಸ್ಸೂ ಸ್ವಲ್ಪ ಮೆತ್ತಗಿರಬಹುದು ಅಂತ ಅಕ್ಷಿತಾ ಎಣಿಸಿದ್ದಿರಬೇಕು.

“ಪಪ್ಪಾ, ಇಂಜಿನಿಯರಿಂಗ್ ಸೀಟಿಗೆ ಮುಂಗಡ ಕಟ್ಬೇಡಿ. ನಾನು ವೆಟರ್ನರಿ ಮಾಡ್ತೇನೆ.”

ಲತೇಶ್ ಮುಳ್ಳು ಬಿಡಿಸುತ್ತಿದ್ದವನು ತಲೆ ಎತ್ತಿದ. ಜುಮೇರಾ ಲೇಕ್ ಟವರ್ಸ್‌ನ ಒಂದು ಶಿಪ್ಪಿಂಗ್ ಕಂಪೆನಿಯಲ್ಲಿ ಅವನು ಪರ್ಚೇಸ್ ವಿಭಾಗದಲ್ಲಿದ್ದ. ಮಗಳಿಗೆ ಊರಿನ ಕಾಲೇಜೊಂದರಲ್ಲಿ ಎನ್‌ಆರ್‌ಐ ಕೋಟಾದ ಸೀಟು ಮಾತಾಡಿಟ್ಟಾಗಿತ್ತು. ಜನವರಿಯಲ್ಲಿ ಮುಂಗಡ ಕಟ್ಟುವುದಷ್ಟೇ ಬಾಕಿ.

“ವೆಟರ್ನರಿ ಅಂದ್ರೆ ಎಂತ? ದನದ ಡಾಕ್ಟ್ರು. ನಮ್ಮ ಊರಿಗೆ ಬರ್ತಿದ್ದ ದನದ ಡಾಕ್ಟ್ರನ್ನು ನಾನು ಕಂಡಿದ್ದೇನೆ. ಮೊಣಕೈವರೆಗೆ ರಕ್ತ. ನಿನ್ನಿಂದ ಆಗ್ತದಾ ಅದು?”

“ಮಾರ್ಚಲ್ಲಿ ಕುದುರೆ ಮರಿ ಹಾಕುವಾಗ ಕಾಲು ಹಿಡಿದು ಎಳೆದದ್ದು ನಾನೇ. ನಿಮಗೆ ಹೇಳಿರಲಿಲ್ಲ.”

ಲತೇಶ್ ಹೆಂಡತಿಯ ಮುಖ ನೋಡಿದ. ಸ್ವರ್ಣಲತಾಳಿಗೆ ಇದು ಗೊತ್ತಿತ್ತು ಅನ್ನುವುದು ಅವಳು ಸಾರಿನ ಪಾತ್ರೆಯೊಳಗೆ ಇಣುಕಿದ ರೀತಿಯಲ್ಲೇ ತಿಳಿಯಿತು.

“ಅಪ್ಪನನ್ನು ಕೇಳು,” ಅಂದ ಲತೇಶ್. “ದನದ ವಿಷಯ ಅವರಿಗೆ ಗೊತ್ತು. ಅವರು ಹೂಂ ಅಂದ್ರೆ ನನ್ನದೂ ಹೂಂ.”

ಲತೇಶ್ ಕೆಟ್ಟವನಲ್ಲ. ಬೇಡ ಅನ್ನುವ ಕೆಲಸವನ್ನು ಇನ್ನೊಬ್ಬರ ಬಾಯಿಂದ ಮಾಡಿಸುವ ಅಭ್ಯಾಸ ಅವನಿಗೆ, ಅಷ್ಟೇ. ಆಫೀಸಿನಲ್ಲಿ ‘ಮ್ಯಾನೇಜ್‌ಮೆಂಟ್ ಒಪ್ಪಲಿಲ್ಲ’ ಅನ್ನುತ್ತಿದ್ದ, ಮನೆಯಲ್ಲಿ ‘ಅಪ್ಪ ಒಪ್ಪಲಿಲ್ಲ’.

ಶೀನಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ. “ಬೇಡ,” ಅಂದರು.

“ಯಾಕೆ ಅಜ್ಜ?”

“ಪ್ರಾಣಿಯ ಸಾವಾಸ ಬೇಡ ಮಗಾ. ದನ ಕಟ್ಟಿದವರ ಕಾಲಿಗೂ ಅದೇ ಹಗ್ಗ. ಮದುವೆ ಇಲ್ಲ, ಮುಂಜಿ ಇಲ್ಲ, ಎಲ್ಲಿಗೆ ಹೋದ್ರೂ ಹಾಲು ಕರೆಯುವ ಹೊತ್ತಿಗೆ ಮನೆಗೆ ಬರಬೇಕು. ನಿನ್ನ ಅಜ್ಜಿ ಯಾಕೆ ಈ ಮನೆ ಕಾಣ್ಲಿಲ್ಲ ಹೇಳು?”

ಅದು ಎಲ್ಲರಿಗೂ ಗೊತ್ತಿದ್ದ ಕಥೆ. ಲತೇಶ್ ಅಪ್ಪ–ಅಮ್ಮನಿಗೆ ಎರಡು ಸಲ ವಿಸಿಟ್ ವೀಸಾ ಮಾಡಿಸಿದ್ದ. ಮೊದಲ ಸಲ ಬೊಳ್ಳಿ ಅನ್ನುವ ದನ ದಿನ ತುಂಬಿ ನಿಂತಿತ್ತು. ಎರಡನೇ ಸಲ ಅದರ ಕರು ಇನ್ನೂ ಹಾಲು ಕುಡಿಯುತ್ತಿತ್ತು. ಸೇಸಮ್ಮನ ಸೂಟ್‌ಕೇಸಿನಲ್ಲಿ ಮೊಮ್ಮಗಳಿಗೆಂದು ಮಾಡಿದ ಹಲಸಿನ ಹಪ್ಪಳ ಹಾಗೆಯೇ ಉಳಿದು, ಕೊನೆಗೆ ಯಾರದೋ ಕೈಯಲ್ಲಿ ಬಂತು. ಅವಳು ಬರಲಿಲ್ಲ. ಫೋನಿನಲ್ಲಿ ಅಕ್ಷಿತಾ ಕಿಟಕಿಯಾಚೆಯ ದೀಪಗಳನ್ನು ತೋರಿಸಿದಾಗ, “ನಿಮ್ಮಲ್ಲಿ ಕರೆಂಟು ಹೋಗುವುದೇ ಇಲ್ವಾ?” ಅಂತ ಕೇಳುತ್ತಿದ್ದಳು. ದನದಿಂದಾಗಿ ಬರಲಿಕ್ಕಾಗಲಿಲ್ಲ ಅಂತ ಶೀನಪ್ಪ ಹೇಳಿದ್ದರು. ಮನೆಯವರೆಲ್ಲ ಅದನ್ನೇ ನಂಬಿ, ಅದನ್ನೇ ಹೇಳಿಕೊಂಡು ಬಂದಿದ್ದರು.

“ಅದು ನಿಮ್ಮ ಮನೆಯ ದನ. ಡಾಕ್ಟರ್ ಅಂದ್ರೆ ಬೇರೆ,” ಅಂದಳು ಅಕ್ಷಿತಾ.

“ಎಲ್ಲ ಒಂದೇ. ಲತೇಶಾ, ಸೀಟಿಗೆ ದುಡ್ಡು ಕಟ್ಟು.”

ಅಕ್ಷಿತಾ ಅನ್ನ ಬಿಟ್ಟು ಎದ್ದಳು. ರೂಮಿನ ಬಾಗಿಲು ಢಬ್ ಅಂತ ಮುಚ್ಚಿಕೊಂಡಿತು.

“ನಿಮ್ಮ ಅಪ್ಪನ ಬೆನ್ನ ಹಿಂದೆ ಎಷ್ಟು ದಿನ ಅಡಗಿ ಕೂತ್ಕೊಳ್ತೀರಿ?” ಪಾತ್ರೆ ತೊಳೆಯುವಾಗ ಸ್ವರ್ಣಲತಾ ಗಂಡನನ್ನು ಕೇಳಿದಳು.

“ನಿನಗೆ ಗೊತ್ತಾಗುದಿಲ್ಲ, ಸ್ವರ್ಣ.”

“ನನಗೆ ಗೊತ್ತಾಗುವುದು ಜಾಸ್ತಿಯಾಗಿದೆ, ಅದೇ ತೊಂದರೆ.”

ಪ್ರಾಣಿಯ ಸಾವಾಸ ಬೇಡ ಅಂದ ಆ ಮನುಷ್ಯ ಮಾಡುತ್ತಿದ್ದದ್ದೇನು ಗೊತ್ತೇ? ದಿನಾ ಬೆಳಿಗ್ಗೆ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು, ಗರ್ಟ್ರೂಡ್ ಬಾಯಿಗೆ ಫೋನು. ತೆಂಗಿನಕಾಯಿ ಕೀಳಿಸಿದ್ದೀರಾ, ಪಂಪು ಸರಿ ಉಂಟಾ ಅಂತ ಶುರು. ಎರಡನೇ ನಿಮಿಷಕ್ಕೆ ಬೊಳ್ಳಿ ಮೇವು ತಿಂತದಾ, ಕರು ಹೇಗುಂಟು. ಒಮ್ಮೆ ಸ್ಪೀಕರ್ ಹಾಕಿ ದನ ಕೂಗುವುದನ್ನೂ ಕೇಳಿಸಿಕೊಂಡರು. ಅದು ಗಾಜಿನಾಚೆ ಸ್ವರ್ಣಲತಾಳಿಗೂ ಕೇಳಿಸಿತು. ಅವಳು ಚಹಾ ಸೋಸುತ್ತ ನಗು ತಡೆದುಕೊಂಡಳು. ಪ್ಯಾಕೆಟ್ ಹಾಲಿನ ಆ ಚಹಾವನ್ನು ಶೀನಪ್ಪ ‘ಹಾಲು ತೊಳೆದ ನೀರು’ ಅನ್ನುತ್ತಿದ್ದರು.

ಆ ಫೋನು ನೋಡಿಯೇ ಅಕ್ಷಿತಾಳಿಗೆ ಉಪಾಯ ಹೊಳೆದದ್ದು. ಡಿಸೆಂಬರ್ ರಜೆಯಲ್ಲಿ, ಅಬುಧಾಬಿ ದಾಟಿ ಪಶ್ಚಿಮಕ್ಕೆ, ಮರುಭೂಮಿಯ ನಡುವೆ ಒಂದು ಒಂಟೆ ಜಾತ್ರೆ ಇತ್ತು. ಬದುಯಿನ್ ಜನ, ಅಂದರೆ ಮರುಭೂಮಿಯ ಹಳೆಯ ಅಲೆಮಾರಿಗಳ ಮಕ್ಕಳು ಮೊಮ್ಮಕ್ಕಳು, ಒಂಟೆ, ಕುದುರೆ, ಗಿಡುಗ ಎಲ್ಲವನ್ನೂ ಹೊಡೆದುಕೊಂಡು ಬಂದು, ಡೇರೆ ಹಾಕಿ, ಕೊಳ್ಳುವುದು, ಮಾರುವುದು, ಯಾರ ಒಂಟೆ ಹೆಚ್ಚು ಚಂದ ಅನ್ನುವ ಪೈಪೋಟಿ ಎಲ್ಲ ನಡೆಸುತ್ತಾರೆ ಅಂತ ರುಬೀನ ಡಾಕ್ಟರು ಹೇಳಿದ್ದರು.

“ಅಜ್ಜ, ಒಂಟೆ ಹಾಲು ಕರೆಯುವುದು ನೋಡಿದ್ದೀರಾ? ನಿಂತುಕೊಂಡು ಕರೀತಾರಂತೆ. ಒಂದೇ ಕಾಲಲ್ಲಿ.”

“ಸುಳ್ಳು.”

“ಬಂದು ನೋಡಿ.”

ಶೀನಪ್ಪ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ, “ಒಂದು ಕಾಲಲ್ಲಿ ನಿಂತ್ರೆ ಪಾತ್ರೆ ಎಲ್ಲಿಡ್ತಾರೆ?” ಅಂತ ಕೇಳಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅಂದುಕೊಂಡು ಸ್ವರ್ಣಲತಾ ಮಂಗಳೂರು ಬನ್ಸಿಗೆ ಹಿಟ್ಟು ನಾದಿಟ್ಟಳು.

ಲತೇಶನ ಹಳೆಯ ನಿಸಾನ್ ಸನ್ನಿಯಲ್ಲಿ ನಾಲ್ವರೂ ಬೆಳಿಗ್ಗೆ ಬೇಗ ಹೊರಟರು. ಖಲೀಫಾ ಸಿಟಿಯ ವಿಲ್ಲಾಗಳು ಹಿಂದೆ ಸರಿದ ಮೇಲೆ ರಸ್ತೆಯ ಎರಡೂ ಬದಿ ಬರೀ ಮರಳು, ಬೇಲಿ, ಅಲ್ಲೊಂದು ಇಲ್ಲೊಂದು ಖರ್ಜೂರದ ತೋಟ. ಪೆಟ್ರೋಲ್ ಪಂಪಿನಲ್ಲಿ ಕರಕ್ ಚಾ ಕುಡಿದರು. “ಇದು ಚಾ,” ಅಂದರು ಶೀನಪ್ಪ ಸೊಸೆಯ ಕಡೆ ನೋಡದೆ. ಸೊಸೆ, “ಟಿನ್ನಿನ ಹಾಲು ಮಾವ, ಅದು,” ಅಂದಳು.

ಜಾತ್ರೆ ದೂರದಿಂದಲೇ ಕಾಣಿಸಿತು. ಸಾಲು ಸಾಲು ಡೇರೆ, ನೀರಿನ ಟ್ಯಾಂಕರು, ಜನರೇಟರ್, ಮರಳ ಮೇಲೆ ಅಡ್ಡಾದಿಡ್ಡಿ ಓಡುವ ಪಿಕಪ್‌ಗಳು. ಪಿಕಪ್ಪುಗಳ ಹಿಂದೆ ಮೊಣಕಾಲು ಮಡಚಿ ಕೂತು, ಊರು ನೋಡಲು ಹೊರಟ ಹಿರಿಯರ ಗತ್ತಿನಲ್ಲಿ ಅತ್ತಿತ್ತ ನೋಡುವ ಒಂಟೆಗಳು. ಹಗ್ಗ, ಕಡಿವಾಣ, ಲೋಬಾನ, ಉಣ್ಣೆಯ ಜೂಲು ಮಾರುವ ಅಂಗಡಿಗಳ ಸಾಲಿನ ಕೊನೆಯಲ್ಲಿ ಕುದುರೆಗಳನ್ನು ಕಟ್ಟಿದ್ದರು. ಅಕ್ಷಿತಾ ಅತ್ತ ಎಳೆಯುತ್ತಿದ್ದಳು. ಶೀನಪ್ಪ ಇತ್ತ, ಒಂಟೆಗಳ ಕಡೆಗೆ. ಬೆನ್ನಿಗೆ ಕೈ ಕಟ್ಟಿಕೊಂಡು, ಮೋರೆ ಗಂಟಿಕ್ಕಿಕೊಂಡು, ಕೊಳ್ಳಲು ಬಂದವರ ಹಾಗೆ ನಡೆಯುತ್ತಿದ್ದರು.

ಒಂದು ಡೇರೆಯ ಪಕ್ಕ ತಾಯೊಂಟೆ ನಿಂತಿತ್ತು. ಅದರ ಕಾಲ ಬುಡದಲ್ಲಿ ಹುಟ್ಟಿ ಕೆಲವೇ ದಿನವಾದ ಮರಿ. ಹಾಲು ಬಣ್ಣ, ಗುಂಗುರು ಕೂದಲು, ಮೈಗೆ ಹೆಚ್ಚಾದ ಉದ್ದುದ್ದ ಕಾಲು. ಶೀನಪ್ಪನ ಕೈ ಬೆನ್ನಿನಿಂದ ಬಿಟ್ಟುಕೊಂಡಿತು.

“ಅಯ್ಯಯ್ಯೋ, ಎಷ್ಟು ಚಂದ ಉಂಟು ಇದು!”

ಯಾರೂ ತಡೆಯುವ ಮೊದಲೇ ಅವರು ಬಗ್ಗಿ ಮರಿಯ ಮುಖದ ಸುತ್ತ ಎರಡೂ ಕೈ ಸುಳಿದು, ತಮ್ಮ ಕಿವಿಯ ಮೇಲ್ಬದಿಗೆ ಬೆರಳು ಒತ್ತಿ ಲಟಲಟ ನೆಟಿಗೆ ಮುರಿದು, ಮಗ್ಗುಲಿಗೆ ತಿರುಗಿ ಥೂ ಥೂ ಥೂ ಅಂತ ಉಗಿದರು. ಚಂದದ ಕರು ಕಂಡರೆ ಅವರು ಜೀವಮಾನವಿಡೀ ಮಾಡಿಕೊಂಡು ಬಂದದ್ದೇ ಅದು. ತನ್ನ ಕಣ್ಣೇ ತಾಗಬಾರದಲ್ಲ.

“ಲೇಶ್? ಲೇಶ್?” ಯಾಕೆ, ಯಾಕೆ ಅಂತ ಕೂಗುತ್ತ ಡೇರೆಯಿಂದ ಕಂದೂರ ಅನ್ನುವ ಬಿಳಿ ನಿಲುವಂಗಿ ತೊಟ್ಟ ತರುಣನೊಬ್ಬ ಹಾರಿ ಬಂದ. ನನ್ನ ಒಂಟೆಯ ಮೇಲೆ ಉಗಿಯುತ್ತಾನೆ ಈ ಮುದುಕ ಅಂತ ಅವನ ಕೈಸನ್ನೆಯೇ ಹೇಳುತ್ತಿತ್ತು. ಅಕ್ಕಪಕ್ಕದ ಡೇರೆಯವರು ಎದ್ದು ನಿಂತರು. ಲತೇಶ್, “ಸಾರಿ, ಸಾರಿ ಬ್ರದರ್,” ಅನ್ನುತ್ತ ಅಪ್ಪನ ತೋಳು ಎಳೆದ. “ಎಂತ ಮಾರಾಯ್ರೇ ನೀವು! ಪೊಲೀಸ್ ಆದ್ರೆ ವೀಸಾ ಖಲಾಸ್!”

“ನಾನು ಎಂತ ಮಾಡಿದೆ? ದೃಷ್ಟಿ ತೆಗ್ದೆ!” ಶೀನಪ್ಪ ತೋಳು ಬಿಡಿಸಿಕೊಂಡರು.

ಅಕ್ಷಿತಾ ನಡುವೆ ನುಗ್ಗಿದಳು. ಸ್ಕೂಲಿನಲ್ಲಿ ಕಲಿತ ಅರಬಿಯಲ್ಲಿ ಅರ್ಧ ಮರೆತುಹೋಗಿತ್ತು. ತನ್ನ ಕಣ್ಣಿಗೆ ಬೆರಳಿಟ್ಟು, “ಐನ್! ಐನ್!” ಅಂದಳು. ಕಣ್ಣು, ಕಣ್ಣು. ತರುಣನಿಗೆ ಹೊಳೆಯಲಿಲ್ಲ. ಅವಳು ಅಜ್ಜನನ್ನು ಅಲ್ಲೇ ನಿಲ್ಲಿಸಿ, ಅವರ ಮುಖದ ಸುತ್ತ ಕೈ ಸುಳಿದು, ನೆಟಿಗೆ ಮುರಿದು, ಥೂ ಥೂ ಅಂದು, “ಲವ್! ವಿತ್ ಲವ್! ಮಾಷಾ ಅಲ್ಲಾ ಥರ!” ಅಂತ ಕನ್ನಡ, ಇಂಗ್ಲಿಷು, ಅರಬಿ ಎಲ್ಲ ಕಲಸಿ ಹೇಳಿದಳು.

ಡೇರೆಯೊಳಗಿಂದ ದೊಡ್ಡ ನಗು ಕೇಳಿಸಿತು. ಹಳೆಯ ಕಾಲದ ಹೆಂಗಸರು ಹಾಕುವ, ಚಿನ್ನದ ಹೊಳಪಿನ ಮುಖಕವಚ ತೊಟ್ಟ ಮುದುಕಿಯೊಬ್ಬಳು ಕೋಲೂರಿಕೊಂಡು ಹೊರಬಂದಳು. ಮೊಮ್ಮಗನಿಗೆ ಅರಬಿಯಲ್ಲಿ ಏನೋ ಗದರಿದಳು. ನಮ್ಮಲ್ಲೂ ಕಣ್ಣು ತೆಗೆಯಲು ಉಗಿಯುವುದುಂಟು, ನಿನಗೆಲ್ಲಿ ಗೊತ್ತು, ನೀನು ಫೋನು ನೋಡಿಕೊಂಡೇ ಬೆಳೆದವನು ಅಂತ ಇದ್ದಿರಬೇಕು. ಯಾಕೆಂದರೆ ಅವನು ಫೋನನ್ನು ಜೇಬಿಗೆ ಹಾಕಿದ. ಶೀನಪ್ಪನತ್ತ ತಿರುಗಿ ಅವಳು ಬೆರಳೆತ್ತಿ, “ಬೋಲೋ, ಮಾಷಾ ಅಲ್ಲಾ,” ಅಂದಳು. ಚಂದದ್ದಕ್ಕೆ ಕಣ್ಣು ತಾಗದಿರಲಿ ಅಂತ ಅಲ್ಲಿಯವರು ಹೇಳುವ ಮಾತು ಅದು.

“ಮಾಷಾ ಅಲ್ಲಾ,” ಅಂದರು ಶೀನಪ್ಪ ತಕ್ಷಣ.

“ಖಲಾಸ್. ಬೈಠೋ.”

ಗಲ್ಫಿನ ಮುದುಕರಿಗೆ ಒಂದಿಷ್ಟು ಹರಕು ಹಿಂದಿ ಬರುತ್ತದೆ. ಶೀನಪ್ಪನ ಬೊಂಬಾಯಿ ಹಿಂದಿಯೂ ಅದಕ್ಕೆ ಸರಿಜೋಡಿಯೇ. ಜಮಖಾನದ ಮೇಲೆ ಕೂರಿಸಿ, ಹಿಡಿಯಿಲ್ಲದ ಪುಟ್ಟ ಕಪ್ಪಿನಲ್ಲಿ ಗಹ್ವಾ ಅನ್ನುವ ಅರಬಿ ಕಾಫಿ, ಜೊತೆಗೆ ಖರ್ಜೂರ ಕೊಟ್ಟರು. ಸ್ವರ್ಣಲತಾ ಬನ್ಸಿನ ಡಬ್ಬಿ ತೆರೆದಿಟ್ಟಳು. ಮುದುಕಿ ಒಂದು ಮುರಿದು ತಿಂದು, ಇನ್ನೊಂದನ್ನೂ ಮುಖಕವಚದ ಅಡಿಯಿಂದ ಬಾಯಿಗೆ ಸಾಗಿಸಿದಳು. ಸುತ್ತ ಮಕ್ಕಳು, ಸೊಸೆಯಂದಿರು, ಆಡು, ಕೋಳಿಯ ಪಂಜರ, ಒಲೆಯ ಮೇಲೆ ಅನ್ನ. ಇಡೀ ಸಂಸಾರವೇ ಮರಳಿಗೆ ಬಂದು ಕೂತಿತ್ತು. ಒಬ್ಬ ಹುಡುಗ ಒಂಟೆಯ ಪಕ್ಕ ಒಂದೇ ಕಾಲಲ್ಲಿ ನಿಂತು, ಮಡಚಿದ ತೊಡೆಯ ಮೇಲೆ ಪಾತ್ರೆ ಇಟ್ಟು ಹಾಲು ಕರೆದ. ಶೀನಪ್ಪ ರೆಪ್ಪೆ ಮಿಟುಕಿಸದೆ ನೋಡಿ, “ಓಹೋ, ತೊಡೆ ಮೇಲೆ,” ಅಂದರು. ಎಷ್ಟೋ ದಿನಗಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

“ತುಮಾರಾ ಔರತ್ ಕಿದರ್?” ಮುದುಕಿ ಕೇಳಿದಳು.

“ಮರ್ ಗಯಾ.”

ಅವಳು ಎದೆಯ ಮೇಲೆ ಕೈಯಿಟ್ಟು ಸತ್ತವಳಿಗಾಗಿ ಏನೋ ಪ್ರಾರ್ಥಿಸಿದಳು. ಆಮೇಲೆ, “ಇದರ್ ಆಯಾ ಥಾ, ವೋ?” ಅಂದಳು. ಮಗನ ಮನೆ ನೋಡಲಿಕ್ಕೆ ಅವಳು ಬಂದಿದ್ದಳೇ?

“ನಹೀ. ಗಾಯ್ ಥಾ ನಾ. ಗಾಯ್ ಕೋ ಛೋಡ್‌ಕೆ ಕೈಸಾ ಆಯೇಗಾ?”

ಮುದುಕಿ ಅವರನ್ನೇ ನೋಡಿದಳು. ಏನೋ ತಿಳಿಯದವಳ ಹಾಗೆ ಮತ್ತೊಮ್ಮೆ ಕೇಳಿದಳು. ದನ ಇತ್ತು, ಬಿಟ್ಟು ಬರಲಿಕ್ಕಾಗಲಿಲ್ಲ ಅಂತ ಶೀನಪ್ಪ ಮತ್ತೊಮ್ಮೆ ಹೇಳಿದರು.

“ತೋ ಗಾಯ್ ಭೀ ಲಾವ್ ನಾ! ಸಾಥ್ ಮೇ ಲಾವ್!” ಅಂದಳು ಅವಳು, ದನವನ್ನೂ ಜೊತೆಗೇ ಹೊಡೆದುಕೊಂಡು ಬರಬೇಕಿತ್ತು ಅನ್ನುವ ಹಾಗೆ. ಡೇರೆ, ಮಕ್ಕಳು, ಕೋಳಿ, ಒಂಟೆ ಎಲ್ಲದರ ಮೇಲೂ ಕೋಲು ಆಡಿಸಿ ತೋರಿಸಿದಳು. ನಾವೆಲ್ಲ ಬರಲಿಲ್ಲವೇ? ಪ್ರಾಣಿ ಹೊರಟಿತು, ನಾವೂ ಹೊರಟೆವು. ಪ್ರಾಣಿ ಇರುವಾಗ ಹೆಂಗಸು ಮನೆಯಲ್ಲೇ ಕೂರುವುದು ಯಾಕೆ?

ಅವಳು ತಮಾಷೆ ಮಾಡುತ್ತಿರಲಿಲ್ಲ. ನಿಜಕ್ಕೂ ಅವಳಿಗೆ ಅರ್ಥವಾಗಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ನಗುವೋ ನಗು. ಬೊಳ್ಳಿಗೆ ಕಿಟಕಿ ಪಕ್ಕದ ಸೀಟು ಬೇಕಿತ್ತು ಅಂತ ಲತೇಶ್. ಇಮಿಗ್ರೇಶನ್‌ನಲ್ಲಿ ಕಣ್ಣಿನ ಸ್ಕ್ಯಾನಿಗೆ ಬೊಳ್ಳಿಯನ್ನು ಯಾರು ಬಗ್ಗಿಸುತ್ತಿದ್ದರು ಅಂತ ಸ್ವರ್ಣಲತಾ. ಅಕ್ಷಿತಾಳೂ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಸೀಟಿನಲ್ಲಿದ್ದ ಅಜ್ಜ ನಗುತ್ತಿಲ್ಲ ಅನ್ನುವುದು ಅವಳಿಗೆ ಗೊತ್ತಾಯಿತು.

“ಅಜ್ಜ, ಸುಸ್ತಾಯ್ತಾ?”

“ಇಲ್ಲ.”

ಆ ಮೇಲಿನ ದಿನಗಳಲ್ಲಿ ಅವರು ಮಾತು ಕಡಿಮೆ ಮಾಡಿದರು. ಬೂಟುಗಳು ಬಾಲ್ಕನಿಯಲ್ಲೇ ಉಳಿದವು, ಯಾರೂ ಎತ್ತಿಡಲಿಲ್ಲ. ಅಕ್ಷಿತಾ ಅದನ್ನು ಒಳ್ಳೆಯ ಶಕುನ ಅಂದುಕೊಂಡಳು. ಸ್ವರ್ಣಲತಾಳಿಗೆ ಹಾಗನಿಸಲಿಲ್ಲ. ಮಾವ ಗಂಜಿಯನ್ನು ಅರ್ಧಕ್ಕೇ ಬಿಡುತ್ತಿದ್ದರು. ಬಾಲ್ಕನಿಯ ಫೋನಿನಲ್ಲಿ ಒಂದು ದಿನ ಅವರ ಸ್ವರ ಮಾತ್ರ ಕೇಳಿಸಿತು: “ಬಾಯಿ, ನಿಮಗೆ ನೆನಪುಂಟಾ, ಆವಾಗ ನೀವು ಹೇಳಿದ್ದು?” ಆ ಕಡೆಯವರು ಏನು ಹೇಳಿದರೋ, ಇವರು ಬಹಳ ಹೊತ್ತು ಹೂಂಗುಟ್ಟಿದರು. ಅವತ್ತು ದನದ ಸುದ್ದಿಯೇ ಕೇಳಲಿಲ್ಲ.

ಮುಂಗಡ ಕಟ್ಟುವ ದಿನ ಶನಿವಾರವೇ ಬಂತು. ಬೆಳಿಗ್ಗೆ ಏಳಕ್ಕೆ ಮೊದಲೇ ಲತೇಶ್ ಎದ್ದು ಮೇಜಿನ ಮುಂದೆ ಕೂತು ಮೊಬೈಲಿನಲ್ಲಿ ಬ್ಯಾಂಕಿನ ಆ್ಯಪ್ ತೆರೆದಿದ್ದ. ಅವನು ತಾನಾಗಿ ಎದ್ದದ್ದೇ ವಿಷಯ ಎಷ್ಟು ಗಂಭೀರ ಅನ್ನುವುದಕ್ಕೆ ಸಾಕ್ಷಿ. ಎದುರಿಗೆ ಶೀನಪ್ಪ. ಅಡುಗೆಮನೆಯಲ್ಲಿ ಕುಕ್ಕರು ಆಗಷ್ಟೇ ಇಳಿದಿತ್ತು. ಸ್ವರ್ಣಲತಾ ಡ್ಯೂಟಿಗೆ ಹೊರಟು ನಿಂತಿದ್ದಳು.

“ಮಮ್ಮಿ, ಕೆಳಗೆ ಡಾಕ್ಟರ್ ಬಂದಿದ್ದಾರೆ,” ಅಕ್ಷಿತಾ ಬೂಟು ಹಿಡಿದುಕೊಂಡೇ ಹೇಳಿದಳು.

“ಇವತ್ತು ಹೋಗುವುದು ಬೇಡ,” ಅಂದ ಲತೇಶ್. “ಇನ್ನು ಆ ಕುದುರೆ ಹುಚ್ಚು ಸಾಕು. ಅಜ್ಜನಿಗೆ ಗಂಜಿ ಯಾರು ಬಡಿಸುವುದು? ಅಪ್ಪ, ನಾನು ದುಡ್ಡು ಕಳಿಸ್ತೇನೆ. ಸರಿಯಲ್ವಾ?”

ಅಕ್ಷಿತಾಳ ಕಣ್ಣು ತುಂಬಿತು. ಅವಳು ಅಜ್ಜನ ಮುಖ ನೋಡಲಿಲ್ಲ. ಬೂಟಿನ ಲೇಸನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

“ಲತೇಶಾ,” ಅಂದರು ಶೀನಪ್ಪ. “ಅವತ್ತು ಆ ಹೆಂಗಸಿಗೆ ನಾನು ಸುಳ್ಳು ಹೇಳಿದೆ.”

“ಯಾವ ಹೆಂಗಸು?”

“ಒಂಟೆಯ ಹೆಂಗಸು. ದನ ಇತ್ತು, ಅದಕ್ಕೇ ಸೇಸಿ ಬರಲಿಲ್ಲ ಅಂತ ಹೇಳಿದೆ. ನಿಮಗೂ ಅದನ್ನೇ ಹೇಳಿದ್ದೆ.” ಅವರು ಮೇಜಿನ ಮೇಲೆ ಅಂಗೈ ಉಜ್ಜಿದರು. “ಮೊದಲನೇ ಸಲ ನಿಜ. ಬೊಳ್ಳಿ ಕರು ಹಾಕುವ ಹಾಗಿತ್ತು. ಎರಡನೇ ಸಲ ಗರ್ಟ್ರೂಡ್ ಬಾಯಿ ಮನೆಗೇ ಬಂದು ಹೇಳಿದ್ಲು, ನೀವಿಬ್ರೂ ಹೋಗಿ ಬನ್ನಿ, ನಾನು ಹಾಲು ಕರೀತೇನೆ, ಹುಲ್ಲು ಹಾಕ್ತೇನೆ ಅಂತ. ನನಗೆ ವಿಮಾನ, ಪರವೂರು ಎಲ್ಲ ಬೇಡವಾಗಿತ್ತು. ಹಾಗಾದ್ರೆ ನಾನೊಬ್ಬಳೇ ಹೋಗಿ ಬರ್ತೇನೆ ಅಂತ ಸೇಸಿ ಹೇಳಿದ್ಲು. ಸೀರೆ ಸಹ ಇಸ್ತ್ರಿ ಮಾಡಿಸಿ ಇಟ್ಟಿದ್ಲು.”

ಅಕ್ಷಿತಾ ಬೆರಳಿಗೆ ಸುತ್ತಿದ್ದ ಲೇಸು ಬಿಚ್ಚಿ ಅಜ್ಜನತ್ತ ತಿರುಗಿದಳು.

“ನಾನು ಬೇಡ ಅಂದೆ. ದನಕ್ಕೆ ಹುಲ್ಲು ಹಾಕ್ಲಿಕ್ಕೆ ಬಾಯಿ ಇದ್ಲು. ನನಗೆ ಗಂಜಿ ಹಾಕ್ಲಿಕ್ಕೆ ಯಾರೂ ಇರ್ಲಿಲ್ಲ. ಅದಕ್ಕೆ.”

ಸ್ವರ್ಣಲತಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಲತೇಶನ ಕಣ್ಣ ಮುಂದೆ ಏರ್‌ಪೋರ್ಟಿಗೆ ಬರಬೇಕಿದ್ದ ಅಮ್ಮ ಬಂದಿರಬೇಕು. ಅವನು ಅಪ್ಪನ ಮೇಲೆ ರೇಗಬಹುದಿತ್ತು. ರೇಗುವ ಹಕ್ಕೂ ಇತ್ತು. ಆದರೆ ಈಗಷ್ಟೇ ಮಗಳಿಗೆ ತಾನು ಹೇಳಿದ ಮಾತು ಅವನ ಕಿವಿಯಲ್ಲೇ ಇತ್ತು.

“ಹಗ್ಗ ದನದ್ದಲ್ಲ ಮಗಾ,” ಅಂದರು ಶೀನಪ್ಪ ಅಕ್ಷಿತಾಳಿಗೆ. “ದನವನ್ನು ನಾನು ಸುಮ್ಮನೆ ಬೈದದ್ದು.”

ಅವರು ಮೇಜು ಹಿಡಿದು ಎದ್ದರು. ಅಡುಗೆಮನೆಗೆ ಹೋದರು. ಆ ಫ್ಲಾಟಿಗೆ ಬಂದ ಮೇಲೆ ನೀರು ಕುಡಿಯಲು ಬಿಟ್ಟರೆ ಬೇರೆ ಯಾವುದಕ್ಕೂ ಅವರು ಅಲ್ಲಿಗೆ ಹೋದವರಲ್ಲ. ಯಾವ ಡ್ರಾಯರಿನಲ್ಲಿ ಸೌಟು ಇದೆ ಅಂತ ಗೊತ್ತಿರಲಿಲ್ಲ, ಎರಡು ತೆರೆದು ನೋಡಿದರು. ಕುಕ್ಕರಿನಿಂದ ಗಂಜಿ ಎತ್ತುವಾಗ ತಿಳಿ ಒಲೆಯ ಮೇಲೆಲ್ಲ ಚೆಲ್ಲಿತು. ಸ್ವರ್ಣಲತಾ ಮುಂದೆ ಬಂದಳು.

“ಬಿಡಿ ಮಾವ, ನಾನು...”

“ನೀನು ಹೊರಡು. ನಿನಗೆ ಹೊತ್ತಾಗ್ತದೆ.”

ಅವರು ಎರಡು ತಟ್ಟೆ ಬಡಿಸಿದರು. ಒಂದನ್ನು ತನ್ನ ಜಾಗದಲ್ಲಿಟ್ಟರು. ಇನ್ನೊಂದಕ್ಕೆ ಉಪ್ಪಿನಕಾಯಿ, ಚಟ್ನಿ ಹಾಕಿ, ಹಳೆಯ ಹೋಟೆಲಿನ ಅಭ್ಯಾಸವೋ ಏನೋ, ಅಂಚನ್ನು ಬೆರಳಿನಿಂದ ಒರೆಸಿ, ಅಕ್ಷಿತಾಳ ಮುಂದೆ ತಂದಿಟ್ಟರು.

“ಉಂಡು ಹೋಗು. ಡಾಕ್ಟ್ರಿಗೆ ಐದು ನಿಮಿಷ ಕಾಯ್ಲಿಕ್ಕೆ ಹೇಳು. ಖಾಲಿ ಹೊಟ್ಟೆಯಲ್ಲಿ ಪ್ರಾಣಿ ಮುಟ್ಟಬಾರ್ದು.”

ಅಕ್ಷಿತಾ ಬೂಟು ಕೆಳಗಿಟ್ಟು ಕೂತಳು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಮೊದಲ ತುತ್ತು ತಿಂದಳು.

ಲತೇಶ್ ಆ್ಯಪ್ ಮುಚ್ಚಿ ಮೊಬೈಲನ್ನು ಬದಿಗೆ ಸರಿಸಿದ. ಏನಾದರೂ ಹೇಳಬೇಕು ಅನಿಸಿತು. ಹೇಳಲು ಬಾಯಿಗೆ ಬಂದದ್ದು ಇಷ್ಟೇ.

“ಅಪ್ಪ, ನನಗೂ ಸ್ವಲ್ಪ ಗಂಜಿ.”

ಶೀನಪ್ಪ ಆಗಲೇ ಉಣ್ಣಲು ಕೂತಿದ್ದರು. ಉಪ್ಪಿನಕಾಯಿ ನಂಜಿಕೊಳ್ಳುತ್ತ ಅಡುಗೆಮನೆಯ ಕಡೆ ತಲೆ ಆಡಿಸಿದರು.

“ಸೌಟು ಎರಡನೇ ಡ್ರಾಯರಲ್ಲುಂಟು,” ಅಂದರು.